ಸೀಸದ ಬಿಲ್ಲೆ ಮತ್ತು ಮೇಷ್ಟ್ರ ಮಗ್ಗಿ

ಗ್ಲೈಡರಿನಲ್ಲಿ ಮೊದಲ ಸಲ ಮೇಲೆ ಹೋದಾಗ ನಾನು ಕೂಗಿಕೊಂಡೆನೋ ಇಲ್ಲವೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕೂಗಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ‘ಏರುವಾಗ ಕೂಗಿದೆ, ಇಳಿಯುವಾಗ ಇನ್ನೂ ಜೋರಾಗಿ ಕೂಗಿದೆ, ಹಿಂದಿನ ಸೀಟಿನಲ್ಲಿದ್ದ ಚೀಫ್ ನಕ್ಕರು’ ಎಂದು ಅದೇ ಸಂಜೆ ಬರೆದ ದಿನಚರಿ ಹೇಳುತ್ತದೆ. ನಾನು ದಿನಚರಿಯ ಪಕ್ಷ. ನೆನಪಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಐವತ್ತು ವರ್ಷಗಳಿಂದ ಅದು ನನ್ನನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಡುತ್ತಲೇ ಬಂದಿದೆ.

ಈ ಬರಹಕ್ಕೆ ಕಾರಣ ಹನೂರಿನ ಒಬ್ಬ ಹುಡುಗಿ. ಡಿಗ್ರಿ ಮುಗಿಸಿ ಗ್ಲೈಡರ್ ತರಬೇತಿಗೆ ಹೊರಟಿದ್ದಾಳೆ. ಹೋಗುವ ಮುಂಚೆ ಯಳಂದೂರಿನ ನಮ್ಮ ಮನೆಗೆ ಬಂದು, “ತಾತ, ನೀವು ಅದೇ ಕೆಲ್ಸದಲ್ಲಿ ಸವೆದೋದ್ರಂತಲ್ಲ, ಒಳಗ ಎಂಗಿರ್ತದ ಅಂತ ಒಸಿ ಬರ್ಕೊಡಿ. ಪುಸ್ತಕದಲ್ಲಿರೋದ್ನ ಮಾತ್ರ ಬರೀಬ್ಯಾಡಿ, ಅದು ನನ್ನತ್ರ ಅದ,” ಅಂದಳು. ಸವೆದುಹೋದದ್ದು ನಿಜ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬಿಟ್ಟಿದ್ದೇನೆ. ಅದೆಲ್ಲ ಪಿಂಚಣಿ ಕಾಗದದಲ್ಲಿದೆ, ಅಲ್ಲಿ ಓದುವುದಕ್ಕೂ ಅದು ಚೆನ್ನಾಗಿಲ್ಲ.

ಬಾಂಗ್ಲಾ ಯುದ್ಧ ಮುಗಿದ ಮೇಲಿನ ವರ್ಷಗಳು ಅವು. ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಕೇಳಿ ಊರೂರಿನ ಹುಡುಗರಿಗೆಲ್ಲ ಹಾರುವ ಹುಚ್ಚು ಹಿಡಿದಿತ್ತು. ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ, ದನ ಮೇಯುವ ಒಂದು ಬಯಲಿನಲ್ಲಿ ನಮ್ಮ ಕೇಂದ್ರ ಶುರುವಾಯಿತು. ಒಂದು ತಗಡಿನ ಶೆಡ್ಡು, ಹಲಗೆ ಮತ್ತು ಬಟ್ಟೆಯಿಂದ ಮಾಡಿದ ಎರಡು ಸೀಟಿನ ಒಂದು ಗ್ಲೈಡರ್, ಒಂದು ವಿಂಚು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ನನ್ನನ್ನು ಸಹಾಯಕ ಎಂದು ತೆಗೆದುಕೊಂಡರು. ಪ್ರತಿ ಹಾರಾಟವನ್ನೂ ಲಾಗ್ ಪುಸ್ತಕದಲ್ಲಿ ಬರೆಯಬೇಕು, ಗ್ಲೈಡರಿನ ರೆಕ್ಕೆ ಹಿಡಿಯಬೇಕು, ದನ ಅಟ್ಟಬೇಕು, ಬಿಡುವಿದ್ದಾಗ ಹಾರುವುದನ್ನು ಕಲಿತು ಮುಂದೆ ಬೋಧಕನಾಗಬೇಕು. ಕೆಲಸದ ಆದೇಶದಲ್ಲಿ ದನದ ವಿಷಯ ಇರಲಿಲ್ಲ.

ಗ್ಲೈಡರಿಗೆ ಎಂಜಿನ್ ಇಲ್ಲ. ಬಯಲಿನ ಒಂದು ತುದಿಯಲ್ಲಿ ಗ್ಲೈಡರ್ ನಿಲ್ಲುತ್ತದೆ, ಇನ್ನೊಂದು ತುದಿಯಲ್ಲಿ ವಿಂಚು. ವಿಂಚು ಅಂದರೆ ಹಳೆಯ ಲಾರಿಯ ಎಂಜಿನ್ನಿಗೆ ಜೋಡಿಸಿದ ದೊಡ್ಡದೊಂದು ಉರುಳೆ. ಅದು ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತ ಹೋದಂತೆ ಗ್ಲೈಡರ್ ಗಾಳಿಪಟದ ಹಾಗೆ ಏರುತ್ತದೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಹಾರಿಸುವವನು ಹಗ್ಗ ಬಿಟ್ಟು, ತನ್ನ ಪಾಡಿಗೆ ತೇಲಿ ಇಳಿಯುತ್ತಾನೆ.

ಎಲ್ಲಿ ಇಳಿಯುತ್ತಾನೆ ಎಂಬುದು ಮಾತ್ರ ಯಾವಾಗಲೂ ಅವನ ಕೈಯಲ್ಲಿರುವುದಿಲ್ಲ. ಒಮ್ಮೆ ನಾನೂ ನಮ್ಮ ಮುಖ್ಯ ಬೋಧಕರೂ ಗಾಳಿ ಸಾಲದೆ ಯಾರದೋ ಕಟಾವಾದ ರಾಗಿ ಹೊಲದಲ್ಲಿ ಇಳಿದೆವು. ಮುಖ್ಯ ಬೋಧಕರು ವಾಯುಪಡೆಯಿಂದ ನಿವೃತ್ತರಾಗಿ ಬಂದವರು, ಮೀಸೆಯಿಂದ ಬೂಟಿನವರೆಗೆ ಶಿಸ್ತು. ಎಲ್ಲರೂ ಅವರನ್ನು ಚೀಫ್ ಎನ್ನುತ್ತಿದ್ದೆವು. ಹೊಲದ ಒಡತಿ, ಕುಡುಗೋಲು ಹಿಡಿದ ಒಬ್ಬ ಅಜ್ಜಿ, ನಿಧಾನವಾಗಿ ಹತ್ತಿರ ಬಂದಳು.

“ಇದ್ಯಾಕ ಸದ್ದೇ ಇಲ್ದೆ ಬಂದ್ರಿ? ಡೀಸೆಲ್ ಕಾಲಿಯಾಯ್ತಾ ಸಾ?”

“ಇದಕ್ಕೆ ಎಂಜಿನ್ನೇ ಇಲ್ಲಮ್ಮ,” ಅಂದರು ಚೀಫ್.

ಅಜ್ಜಿ ಗ್ಲೈಡರಿನ ಮೂತಿಯನ್ನು ಒಂದು ಸುತ್ತು ನೋಡಿದಳು. “ಅಯ್ಯೋ ಸಿವನೆ, ಅದ್ನೂ ಕದ್ಕಂಡೋಗ್ಬುಟ್ರಾ?”

ಚೀಫ್ ನಗುವುದು ಅಪರೂಪ. ಆ ದಿನ ಹೊಲದ ಬದುವಿನ ಮೇಲೆ ಕುಳಿತು ಅಜ್ಜಿ ಕೊಟ್ಟ ಮಜ್ಜಿಗೆ ಮೂಗಿಗೆ ಹತ್ತುವಂತೆ ನಕ್ಕರು.

ವಿಂಚು ನಡೆಸುತ್ತಿದ್ದವನು ಪುಟ್ಟಮಾದಯ್ಯ. ನನಗೆ ಮಾದಯ್ಯಣ್ಣ. ಮೊದಲು ಲಾರಿ ಡ್ರೈವರು. ಕೊಳ್ಳೇಗಾಲದಿಂದ ಬೆಟ್ಟದ ತಿರುವುಗಳನ್ನು ಹತ್ತಿ ಇಳಿದು, ಪಾಲಾರ್ ದಾಟಿ ತಮಿಳುನಾಡಿನ ಮೆಟ್ಟೂರಿನವರೆಗೆ ಅದೆಷ್ಟೋ ವರ್ಷ ಓಡಿಸಿದ್ದ. ತಮಿಳೂ ಕನ್ನಡವೂ ಅವನ ಬಾಯಲ್ಲಿ ಒಂದೇ ಕೊಟ್ಟಿಗೆಯ ದನಗಳಂತಿದ್ದವು. ಹಗ್ಗ ಬಿಗಿಯಾಗುತ್ತಿದ್ದಂತೆ ಕಣ್ಣು ಗ್ಲೈಡರಿನ ಮೇಲೆ ನೆಟ್ಟು, “ಬಾ, ಬಾ, ಬಾ, ಮ್ಯಾಕ್ಕೆ, ಪೋದುಂ, ಪೋದುಂ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕಾಲು ಹಗುರ ಮಾಡುವನು. ಪೋದುಂ ಅಂದರೆ ತಮಿಳಿನಲ್ಲಿ ಸಾಕು. ಅವನು ಎಳೆದರೆ ತೊಟ್ಟಿಲು ತೂಗಿದಂತಿರುತ್ತಿತ್ತು. ನನಗೆ ಅವನಿಟ್ಟ ಹೆಸರು ‘ಬಿಯೆಸ್ಸಿ’. “ಲೇ ಬಿಯೆಸ್ಸಿ, ಅಗ್ಗ ಕಚ್ಚು ಹೊಡ್ದದ ನೋಡ್ಲಾ, ನಿನ್ ಪುಸ್ತಕದಲ್ಲಿ ಇದಕ್ಕೇನಂದಾರು?” ಎನ್ನುತ್ತಿದ್ದ. ಪುಸ್ತಕದಲ್ಲಿ ಏನೂ ಅಂದಿರಲಿಲ್ಲ. ಅವನೇ ಹಗ್ಗದ ತುಂಡಾದ ಎಳೆಗಳನ್ನು ಬಿಚ್ಚಿ ಹೆಣೆದು ಸರಿ ಮಾಡುತ್ತಿದ್ದ.

ಇನ್ನೊಬ್ಬರ ಬಗ್ಗೆ ಹೇಳಬೇಕು. ನಾಗರಾಜ ಮೇಷ್ಟ್ರು. ಶಾಗ್ಯದವರು, ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ರಜಾ ದಿನಗಳಲ್ಲಿ ಬಂದು ಕಲಿಯುತ್ತಿದ್ದರು. ಕಡ್ಡಿಯಂಥ ಮನುಷ್ಯ. ಅಂಗಿ ಅವರನ್ನು ಹಾಕಿಕೊಂಡಿದೆಯೇನೋ ಅನ್ನಿಸಬೇಕು. ಆ ತಂಡದಲ್ಲಿ ಎಲ್ಲರಿಗಿಂತ ಮೊದಲು ಕಲಿತವರೂ ಅವರೇ, ಎಲ್ಲರನ್ನೂ ನಗಿಸಿದವರೂ ಅವರೇ.

ಹಾರುವ ಮುಂಚೆ ಒಂದು ಪಟ್ಟಿಯ ಪ್ರಕಾರ ಎಲ್ಲವನ್ನೂ ಪರೀಕ್ಷೆ ಮಾಡಬೇಕು. ಪಟ್ಟಿ ಇಂಗ್ಲಿಷಿನಲ್ಲಿತ್ತು, ಯಾರಿಗೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಒಬ್ಬರು ಬೆಲ್ಟು ಮರೆತರೆ ಇನ್ನೊಬ್ಬರು ಗಾಳಿ ಮರೆಯುವರು. ಚೀಫ್ ಕೂಗಾಡಿ ಸುಸ್ತಾಗಿದ್ದರು. ಆಗ ಮೇಷ್ಟ್ರು ಅದನ್ನು ತಮ್ಮ ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಮಾಡಿಬಿಟ್ಟರು. ಗ್ಲೈಡರಿನಲ್ಲಿ ಕುಳಿತವನು ಕೇಳಬೇಕು, ಸುತ್ತ ನಿಂತವರೆಲ್ಲ ಒಟ್ಟಿಗೆ ಉತ್ತರ ಕೊಡಬೇಕು. ಅವರ ಮಗ್ಗಿಯಲ್ಲಿ ಪಟ್ಟಿ ಅಂದರೆ ಸೀಟಿನ ಬೆಲ್ಟು, ಕಡ್ಡಿ ಅಂದರೆ ಗ್ಲೈಡರನ್ನು ತಿರುಗಿಸುವ ಹಿಡಿ, ಗಾಜು ಅಂದರೆ ತಲೆಯ ಮೇಲಿನ ಮುಚ್ಚಳ.

“ಪಟ್ಟಿ?”

“ಬಿಗಿ!”

“ಸೀಸ?”

“ಅದ!”

“ಕಡ್ಡಿ?”

“ಸಲೀಸು!”

“ಗಾಜು?”

“ಭದ್ರ!”

“ಗಾಳಿ?”

“ಎದುರು!”

ಎರಡೇ ವಾರದಲ್ಲಿ ಎಲ್ಲರಿಗೂ ಬಾಯಿಪಾಠವಾಯಿತು. ದನ ಕಾಯುವವರೂ ದೂರದಿಂದಲೇ “ಬಿಗಿ!” “ಅದ!” ಎಂದು ದನಿಗೂಡಿಸುತ್ತಿದ್ದರು. ಚೀಫ್ ಹೊರಗಿನಿಂದ ಬಂದವರಿಗೆಲ್ಲ ಹೆಮ್ಮೆಯಿಂದ ಕೇಳಿಸುತ್ತಿದ್ದರು. “ನೋಡಿ, ಒಂದು ಅಂಶವೂ ಬಿಟ್ಟುಹೋಗೋದಿಲ್ಲ. ನಮ್ಮ ಮೇಷ್ಟ್ರ ಕೆಲಸ,” ಎನ್ನುವರು. ಮಾದಯ್ಯಣ್ಣ ಮಾತ್ರ, “ಲಾರಿ ಬಿಡಕ್ಕ ಮುಂಚೆ ನಾನು ಟೈರ್‍ಗೆ ಒದೀತಿದ್ದೆ ಕಣ್ಲಾ, ಆಡು ಏಳ್ತಿರ್ನಿಲ್ಲ,” ಎಂದ. ಹಾಡು ಹೇಳುತ್ತಿರಲಿಲ್ಲ ಎಂದು. ಆಗ ನಾವೆಲ್ಲ ಅವನಿಗೆ ಹೊಟ್ಟೆಕಿಚ್ಚು ಎಂದು ನಕ್ಕೆವು. ಹೀಗೆ ಹೇಳಿದ್ದು ದಿನಚರಿಯಲ್ಲಿಲ್ಲ. ಆದ್ದರಿಂದ ಅವನು ನಿಜವಾಗಿ ಹೇಳಿದನೋ, ಆಮೇಲೆ ನಾನೇ ಅವನ ಬಾಯಿಗೆ ಇಟ್ಟೆನೋ, ಪ್ರಮಾಣ ಮಾಡಲಾರೆ.

ಸೀಸದ ವಿಚಾರ ವಿವರಿಸಬೇಕು. ಗ್ಲೈಡರಿನ ಮುಂದಿನ ಸೀಟಿನಲ್ಲಿ ಒಬ್ಬನೇ ಹೋಗುವಾಗ ಅವನು ತೀರ ಹಗುರವಾಗಿದ್ದರೆ ಮೂತಿ ಮೇಲಾಗುತ್ತದೆ, ಬಾಲ ಭಾರವಾಗುತ್ತದೆ. ಹಾಗಾಗದಂತೆ ಸೀಟಿನ ಕೆಳಗೆ ಸೀಸದ ಬಿಲ್ಲೆಗಳನ್ನು ಕೂರಿಸಿ ತಿರುಪು ಹಾಕಬೇಕು. ನಮ್ಮ ತಂಡದಲ್ಲಿ ಸೀಸ ಬೇಕಾಗಿದ್ದವರು ನಾಗರಾಜ ಮೇಷ್ಟ್ರು ಒಬ್ಬರೇ. ಬಿಲ್ಲೆಗಳನ್ನು ಶೆಡ್ಡಿನಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ಮಾಯ. ಕಾವೇರಿಯಲ್ಲಿ ಮೀನು ಹಿಡಿಯುವವರಿಗೆ ಬಲೆಯ ಅಂಚಿಗೆ ಕಟ್ಟಲು ಸೀಸ ಬೇಕು, ಅವರಿಗೆ ಮಾರುವವರು ನಮ್ಮ ಬಯಲಿನ ಸುತ್ತ ಇದ್ದರು. ಎರಡು ಜೊತೆ ಕಳೆದುಕೊಂಡ ಮೇಲೆ ಚೀಫ್ ಬಿಲ್ಲೆಗಳನ್ನು ಊರೊಳಗಿದ್ದ ನಮ್ಮ ಕಚೇರಿಯ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ನನಗೆ ಕೊಟ್ಟರು. ಮೇಷ್ಟ್ರು ಹಾರುವ ದಿನ ನಾನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಬಯಲಿಗೆ ತರುತ್ತಿದ್ದೆ.

ಇನ್ನು ಲಾಗ್ ಪುಸ್ತಕ. ಈ ಭಾಗವನ್ನು, ಹುಡುಗಿ, ನೀನು ಎರಡು ಸಲ ಓದು. ಪ್ರತಿ ಹಾರಾಟವನ್ನೂ ಆಗಿಂದಾಗ ಬರೆಯಬೇಕೆಂದು ನಿಯಮ. ರೆಕ್ಕೆ ಹಿಡಿದು ಓಡುವವನು ಆಗಿಂದಾಗ ಹೇಗೆ ಬರೆದಾನು? ಸಂಜೆ ಶೆಡ್ಡಿನಲ್ಲಿ ಕುಳಿತು, ಟೀ ಕುಡಿಯುತ್ತ, ಇಡೀ ದಿನದ್ದನ್ನು ನೆನಪಿನಿಂದ ಮುತ್ತಿನಂಥ ಅಕ್ಷರದಲ್ಲಿ ತುಂಬುತ್ತಿದ್ದೆ. ಸೀಸದ ಕಾಲಮ್ಮಿನಲ್ಲಿ ಮೇಷ್ಟ್ರ ಹೆಸರಿನ ಎದುರು ಒಂದು ಸರಿ ಗುರುತು. ಬೋಧಕರ ಪರೀಕ್ಷೆಗೆ ನನ್ನ ಹೆಸರು ಕಳಿಸುವಾಗ ಚೀಫ್ ಆ ಪುಸ್ತಕವನ್ನೇ ನನ್ನ ಯೋಗ್ಯತೆ ಎಂದು ತೋರಿಸಿದ್ದರು. ಸ್ವಂತ ದಿನಚರಿಯಲ್ಲಿ ನಿಜ ಬರೆಯುತ್ತಿದ್ದೆ, ಕೆಲಸದ ಪುಸ್ತಕದಲ್ಲಿ ಚೆಂದ ಬರೆಯುತ್ತಿದ್ದೆ.

ಆ ದಿನ ಬೆಳಿಗ್ಗೆ ಗಾಳಿ ಹದವಾಗಿತ್ತು. ನಾನು ಸೀಸ ಕಟ್ಟಿಕೊಂಡು ಬಯಲಿಗೆ ಬಂದಾಗ ಓಟದ ದಾರಿಯ ನಟ್ಟನಡುವೆ ಹತ್ತಾರು ಎಮ್ಮೆಗಳು ನಿಂತಿದ್ದವು. ಸೈಕಲ್ಲನ್ನು ಹೊಂಗೆ ಮರಕ್ಕೆ ಒರಗಿಸಿ ಓಡಿದೆ. ಎಮ್ಮೆ ಅಟ್ಟಿ ಬರುವಷ್ಟರಲ್ಲಿ ಮೊದಲ ಹಾರಾಟಕ್ಕೆ ಎಲ್ಲರೂ ಸಿದ್ಧ. ಚೀಫ್ ಹಿಂದೆ ಕುಳಿತು ಮೂವರನ್ನು ಒಬ್ಬೊಬ್ಬರಾಗಿ ಮೇಲೆ ಕರೆದೊಯ್ದು ಬಂದರು. ಆಮೇಲೆ ಮೇಷ್ಟ್ರ ಸರದಿ, ಒಬ್ಬರೇ. ಅದು ಅವರ ಹತ್ತನೆಯ ಒಂಟಿ ಹಾರಾಟ.

ಅವರು ಕುಳಿತರು. “ಪಟ್ಟಿ?” ಎಂದರು. “ಬಿಗಿ!” ಎಂದೆವು. “ಸೀಸ?” ಎಂದರು. “ಅದ!” ಎಂದೆವು. ನಾನು ರೆಕ್ಕೆಯ ತುದಿ ಹಿಡಿದಿದ್ದೆ. ನನ್ನ ದನಿಯೂ ಅದರಲ್ಲಿತ್ತು.

ವಿಂಚಿನವನಿಗೆ ಸನ್ನೆಯಾಗಿ ಬಾವುಟ ಬೀಸಿತು, ಹಗ್ಗ ಬಿಗಿಯಾಯಿತು. ಗ್ಲೈಡರ್ ನೆಲ ಬಿಟ್ಟ ಕೂಡಲೇ ಮೂತಿಯೆತ್ತಿ, ಎಂದೂ ಏರದಷ್ಟು ಕಡಿದಾಗಿ ಏರಿತು. ಹಗ್ಗದ ನಡುವೆ, ಎಳೆತ ಅತಿಯಾದರೆ ತಾನೇ ಮುರಿಯಲೆಂದು ಹಾಕಿದ ಒಂದು ಕೊಂಡಿ ಇರುತ್ತದೆ. ಅದು ಮುರಿಯಿತು. ಗ್ಲೈಡರ್ ಒಂದು ಗಳಿಗೆ ಗಾಳಿಯಲ್ಲಿ ನಿಂತಂತೆ ಕಂಡಿತು. ಎಡ ರೆಕ್ಕೆ ಜಾರಿತು. ಉಳಿದದ್ದನ್ನು ನಾನು ದಿನಚರಿಯಲ್ಲೂ ಬರೆದಿಲ್ಲ. ಕೊಳ್ಳೇಗಾಲದ ಆಸ್ಪತ್ರೆಗೆ ಮುಟ್ಟುವ ಮುಂಚೆಯೇ ಮೇಷ್ಟ್ರು ತೀರಿಕೊಂಡರು.

ಮಧ್ಯಾಹ್ನ ಆಸ್ಪತ್ರೆಯಿಂದ ಬಯಲಿಗೆ ಬಂದು ಮನೆಗೆ ಹೋಗಲು ಸೈಕಲ್ ತೆಗೆದೆ. ಹಿಂದಿನ ಚಕ್ರ ಭಾರವಾಗಿತ್ತು. ಗೋಣಿಚೀಲ ನಾನು ಕಟ್ಟಿದ ಹಾಗೆಯೇ ಇತ್ತು, ಗಂಟು ಕೂಡ ಬಿಚ್ಚಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡ. ನಿವೃತ್ತನಾಗುವ ದಿನ ಮಾಡಿದ ಭಾಷಣದಲ್ಲಿ ಕೂಡ, ಸೀಸ ಸಿಕ್ಕ ಕೂಡಲೇ ಚೀಫ್ ಬಳಿ ಹೋಗಿ ಹೇಳಿದೆ ಎಂದಿದ್ದೇನೆ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಚೀಫ್‌ರ ಮುಖ, ಅವರ ಮೇಜು, ನನ್ನ ಒಣಗಿದ ಬಾಯಿ ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಆಮೇಲೊಂದು ದಿನ ಟ್ರಂಕಿನಿಂದ ಹಳೆಯ ದಿನಚರಿ ತೆಗೆದು ನೋಡಿದೆ. ಮೊದಲ ದಿನ: ‘ಸೀಸ ಪೆಟ್ಟಿಗೆಯಲ್ಲಿಟ್ಟೆ. ಲಾಗ್ ಬರೆದೆ. ಸರಿ ಗುರುತು ಹಾಕಿದೆ.’ ಎರಡನೆಯ ದಿನ: ‘ಯಾರೂ ಕೇಳಲಿಲ್ಲ.’ ಮೂರನೆಯ ದಿನ: ‘ಊಟ ಸೇರಿತು.’ ಈ ಎರಡು ಪದ ಓದಿದಾಗ ಆದ ನಾಚಿಕೆ, ಕೂಗಿಕೊಂಡದ್ದನ್ನು ಓದಿದಾಗ ಆಗಿರಲಿಲ್ಲ. ನಾಲ್ಕು ದಿನ ಸುಮ್ಮನಿದ್ದೆ. ಭಯ ಜೈಲಿನದಲ್ಲ. ಬೋಧಕರ ಪರೀಕ್ಷೆಯ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂಬುದಷ್ಟೇ. ಇಷ್ಟು ಸಣ್ಣ ಭಯಕ್ಕೆ ಮನುಷ್ಯ ನಾಲ್ಕು ದಿನ ಬಾಯಿ ಮುಚ್ಚುತ್ತಾನೆ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಮೆದು ಮಾತು, ಯಾರನ್ನೂ ಗದರಿಸಿದವರಲ್ಲ. ಮುರಿದ ಗ್ಲೈಡರಿನಲ್ಲಿ ಸೀಸ ಇರಲಿಲ್ಲ. ಆದರೆ ಲಾಗ್ ಪುಸ್ತಕದಲ್ಲಿ ಸರಿ ಗುರುತಿತ್ತು, ಮಗ್ಗಿಯಲ್ಲಿ ‘ಅದ’ ಎಂದದ್ದು ಕೇಳಿಸಿತೆಂದು ಎಲ್ಲರೂ ಹೇಳಿದರು. ಬಿದ್ದ ಕೂಡಲೇ ಜನ ಮುತ್ತಿದಾಗ ಬಲೆಯವರು ಯಾರೋ ಎತ್ತಿಕೊಂಡು ಹೋಗಿರಬೇಕು ಎಂದುಕೊಂಡರು. ಸೀಸ ಇದ್ದ ಮೇಲೂ ಗ್ಲೈಡರ್ ಅಷ್ಟು ಕಡಿದಾಗಿ ಏರಿದೆ ಎಂದರೆ ಉಳಿದ ಕಾರಣ ಒಂದೇ. ವಿಂಚಿನವನು ಅತಿ ಜೋರಾಗಿ ಎಳೆದಿದ್ದಾನೆ.

ಊರಲ್ಲಿ ಆಗಲೇ ಆ ಮಾತು ಹಬ್ಬಿತ್ತು. ಮಾದಯ್ಯಣ್ಣ ಕುಡಿದಿದ್ದ ಎಂಬುದನ್ನೂ ಸೇರಿಸಿದ್ದರು. ಅವನು ಬದುಕಿನಲ್ಲಿ ಕುಡಿದದ್ದು ಟೀ, ಅದೂ ತಟ್ಟೆಗೆ ಸುರಿದುಕೊಂಡು. ಮೇಷ್ಟ್ರ ತಂದೆ ಶಿವಬಸಪ್ಪನವರು ಶಾಗ್ಯದಿಂದ ಬಯಲಿಗೆ ಬಂದು, ಎಲ್ಲರ ಎದುರು ಅವನನ್ನು ಕೇಳಿದರು.

“ನೀನೇನಪ್ಪ ಎಳ್ದವ್ನು?”

“ಊಂ ಬುದ್ದಿ.”

“ಲಾರಿ ಅನ್ಕಂಡ್ಯಾ ನನ್ ಮಗ್ನ?”

ಅವನು ತಲೆ ತಗ್ಗಿಸಿ ನಿಂತ. ನಾನು ಅಲ್ಲೇ, ಹತ್ತು ಹೆಜ್ಜೆ ದೂರದಲ್ಲಿದ್ದೆ.

ಅಧಿಕಾರಿ ಮಾದಯ್ಯಣ್ಣನನ್ನು ಮೂರು ದಿನವೂ ಕಚೇರಿಗೆ ಕರೆದು ಕೇಳಿದರು. ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ, ನನ್ನ ಅಕ್ಷರ ಚೆಂದವೆಂದು, ನನಗೇ ಬಂತು. ಮೊದಲ ದಿನ ಅವನು ಸೊಂಟದ ಮೇಲೆ ಕೈಯಿಟ್ಟು, “ಇಲ್ಲ ಸಾ. ಎಂದಿನಂಗೇ ಎಳ್ದಿ. ನನ್ ಕಾಲು ನಂಗೊತ್ತಿಲ್ವಾ?” ಎಂದ.

ಎರಡನೆಯ ದಿನ ಅವರು ಮೆಲ್ಲಗೆ, “ನೋಡಿ, ಬೇಕೂಂತ ಮಾಡಿದ್ದೀರಿ ಅಂತ ನಾನು ಹೇಳ್ತಿಲ್ಲ. ಒಂದು ಚೂರು ಹೆಚ್ಚಾಗಿರಬಹುದಾ ಅಂತ ನೆನಪು ಮಾಡಿಕೊಳ್ಳಿ,” ಎಂದರು.

“ಗೊತ್ತಿಲ್ಲ ಸಾ,” ಎಂದ ಮಾದಯ್ಯಣ್ಣ.

ಮೂರನೆಯ ದಿನ, ಅಂದರೆ ಅಪಘಾತವಾಗಿ ಐದನೆಯ ದಿನ, ಅವನ ಕಣ್ಣು ಕೆಂಪಾಗಿದ್ದವು. ನಿದ್ದೆಯಿರಲಿಲ್ಲ ಎಂದು ಕಾಣುತ್ತಿತ್ತು. ಅಧಿಕಾರಿ ಪ್ರಶ್ನೆ ಕೇಳುವ ಮುಂಚೆಯೇ ಅವನು ಶುರು ಮಾಡಿದ.

“ಸಾ, ಯೋಚ್ನೆ ಮಾಡ್ದಿ. ಜಾರಿರ್ಬೋದೇನೊ. ಬೂಟ್ಗೆ ಎಣ್ಣೆ ಮೆತ್ಕಂಡಿತ್ತು. ಕಾಲು ಒಂಚೂರು ಜಾರ್ದಂಗಾಯ್ತು, ಈಗ ಜ್ಞಾಪ್ಕ ಬತ್ತಾ ಅದ.”

ನನ್ನ ಪೆನ್ನು ನಿಂತಿತು. ಮಾದಯ್ಯಣ್ಣ ಬದುಕಿನಲ್ಲಿ ಬೂಟು ಹಾಕಿದವನಲ್ಲ. ವಿಂಚಿನ ಮೇಲೆ ಯಾವಾಗಲೂ ಬರಿಗಾಲು. ಕಾಲಿಗೆ ಎಂಜಿನ್ನಿನ ನಡುಕ ತಿಳಿಯಬೇಕು ಎಂದು ಅವನೇ ಹೇಳುತ್ತಿದ್ದ. ಮೂರು ದಿನ ಕೇಳಿ ಕೇಳಿ, ಆಗದೇ ಇದ್ದದ್ದೊಂದು ಅವನ ತಲೆಯೊಳಗೆ ಬೂಟು ಹಾಕಿಕೊಂಡು ಬಂದು ಕುಳಿತಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ನೆನಪಾಗುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಸಾಯುವವರೆಗೆ ಅದೇ ಅವನ ನೆನಪಾಗಿ ಉಳಿಯುತ್ತಿತ್ತು, ಅದನ್ನು ಬರೆದು ಗಟ್ಟಿ ಮಾಡುವವನು ನಾನು.

“ಒಂದು ನಿಮಿಷ ಸಾರ್,” ಎಂದು ಎದ್ದೆ. ಪೆಟ್ಟಿಗೆಯ ಬೀಗ ತೆಗೆದು ಗೋಣಿಚೀಲ ತಂದು ಮೇಜಿನ ಮೇಲಿಟ್ಟೆ. ಭಾರಕ್ಕೆ ಮೇಜಿನ ಒಂದು ಕಾಲು ಕಿರ್‍ರೆಂದಿತು. “ಸೀಸ ಹಾಕಿರಲಿಲ್ಲ. ಇದು ನನ್ನ ಸೈಕಲ್ಲಿನ ಮೇಲಿತ್ತು. ಲಾಗ್ ಪುಸ್ತಕದಲ್ಲಿರೋದು ಸಂಜೆ ಕೂತು ಬರೆದದ್ದು.”

ಅಧಿಕಾರಿ ಚೀಲದ ಬಾಯಿ ಬಿಚ್ಚಿ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ನೋಡಿದರು.

“ಆದರೆ ಪರೀಕ್ಷೆ ಮಾಡುವಾಗ ಇದೆ ಅಂತ ಉತ್ತರ ಬಂತಲ್ಲ?” ಎಂದರು ಅಧಿಕಾರಿ.

“ಮಗ್ಗಿ ಸಾರ್. ಸೀಸ ಅಂದ ಕೂಡಲೇ ಅದ ಅಂತ ಬಂದುಬಿಡುತ್ತೆ. ನೋಡಿ ಹೇಳಿದ್ದಲ್ಲ.”

ಗೋಡೆಯ ಪಕ್ಕ ಕುಳಿತಿದ್ದ ಚೀಫ್ ನಿಧಾನವಾಗಿ ಎದ್ದು ನಿಂತರು. ವಾಯುಪಡೆಯಲ್ಲಿ ಮೇಲಧಿಕಾರಿಯ ಎದುರು ನಿಲ್ಲುವ ಹಾಗೆ, ಕೈಗಳನ್ನು ಬದಿಗಿಟ್ಟುಕೊಂಡು. “ನಾನೂ ಅದ ಅಂದೆ,” ಎಂದರು. “ಅಲ್ಲೇ ನಿಂತಿದ್ದೆ. ಬಗ್ಗಿ ನೋಡಿದ್ದರೆ ಕಾಣ್ತಿತ್ತು. ಇವನ ಹೆಸರಿನ ಮುಂಚೆ ನನ್ನ ಹೆಸರು ಬರೆದುಕೊಳ್ಳಿ.” ಮೇಲಧಿಕಾರಿಗಳ ಬಗ್ಗೆ ನನಗೆ ಹಲವು ತಕರಾರುಗಳಿವೆ, ಬರೆದರೆ ಇನ್ನೊಂದು ಪುಸ್ತಕವಾದೀತು. ಆದರೆ ಈ ಮಾತು ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ, ಎರಡರಲ್ಲೂ ಒಂದೇ ರೀತಿ ಇದೆ.

ಮಾದಯ್ಯಣ್ಣ ಗೋಣಿಚೀಲವನ್ನೇ ನೋಡುತ್ತಿದ್ದ. ಆಮೇಲೆ ತನ್ನ ಬರಿಗಾಲನ್ನು ನೋಡಿಕೊಂಡ. “ನಾನ್ಯಾವಾಗ್ಲಾ ಬೂಟಾಕಿದ್ದಿ?” ಎಂದು ನನ್ನನ್ನೇ ಕೇಳಿದ. ಹೊರಗೆ ಬಂದ ಮೇಲೆ ಅವನು ಮಾಡಿದ್ದು ನೇರವಾದ ಕೆಲಸ. ನನ್ನ ಕೆನ್ನೆಗೆ ಒಂದು ಬಿಟ್ಟ. “ನಾಕ್ ದಿನ! ನಾಕ್ ದಿನ ನನ್ ಎಂಡ್ರು ನನ್ ಮಕ ನೋಡಿಲ್ಲ ಕಣ್ಲಾ!” ಎಂದ. ಆಮೇಲೆ ಒಂದು ವಾರ ಮಾತು ಬಿಟ್ಟ. ಮಾತು ಬಿಟ್ಟ ಎಂದರೆ, ನನಗೆ ಹೇಳಬೇಕಾದ್ದನ್ನೆಲ್ಲ ವಿಂಚಿಗೆ ಹೇಳುತ್ತಿದ್ದ.

ಮಾತು ಮತ್ತೆ ಶುರುವಾದದ್ದು ಹೀಗೆ. “ಲೇ ಬಿಯೆಸ್ಸಿ, ನಾಳೆ ಶಾಗ್ಯಕ್ಕೆ ಓಗದು. ನೀನೇ ಏಳ್ಬೇಕು ಆ ಯಜಮಾನ್ರಿಗೆ. ಕಾಗ್ದದಲ್ಲಿ ಬಂದ್ರ ಅವ್ರು ಓದಲ್ಲ, ಊರೂ ನಂಬಲ್ಲ.”

ಹನೂರಿನ ಬಸ್ಸು ಹಿಡಿದು ಹೋದೆವು. ದಾರಿಯುದ್ದಕ್ಕೂ ಅವನು ಬಸ್ಸಿನ ಡ್ರೈವರನ ಗೇರು ಹಾಕುವ ರೀತಿಯನ್ನು ಬೈದುಕೊಂಡೇ ಬಂದ. ನನಗೆ ಅದೊಂದೇ ಸಮಾಧಾನ. ಶಿವಬಸಪ್ಪನವರು ಕಣದಲ್ಲಿ ಜೋಳ ಹರವುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಸೀಸ, ಸೈಕಲ್ಲು, ಎಮ್ಮೆ, ಮಗ್ಗಿ, ಸರಿ ಗುರುತು, ನಾಲ್ಕು ದಿನ. ಅವರು ಜೋಳ ಹರವುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಒಂದು ಸಾಲು ಪೂರ್ತಿ ಹರವಿ, ಕೈ ಒರೆಸಿಕೊಂಡು ಮಾದಯ್ಯಣ್ಣನ ಹತ್ತಿರ ಬಂದರು.

“ಬಾಯಿಗ್ ಬಂದಂಗಂದ್ಬುಟ್ಟಿ ಕಣಪ್ಪ ನಿನ್ನ. ಮನಸ್ಗಾಕಬ್ಯಾಡ. ಬಾ, ಉಣ್ಕಂಡೋಗು.”

ಮಾದಯ್ಯಣ್ಣ ಒಳಗೆ ಹೋದ. ನಾನು ಕಣದಲ್ಲೇ ನಿಂತೆ. ನನ್ನನ್ನು ಕರೆದಿರಲಿಲ್ಲ, ಕರೆಯಬೇಕೆಂದೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶಿವಬಸಪ್ಪನವರು ಬಾಗಿಲಿಗೆ ಬಂದು, ನನ್ನನ್ನು ನೋಡದೆ, “ನೀನು ನೆಳ್ಳಲ್ಲಿ ಕೂತ್ಕಪ್ಪ, ಬಿಸ್ಲದ,” ಎಂದರು. ಅಷ್ಟೇ. ಅವತ್ತಿಗೆ ಅವರಿಂದ ಅಷ್ಟಾದರೂ ಬಂತಲ್ಲ ಎಂದು ಇವತ್ತಿಗೂ ಆಶ್ಚರ್ಯ. ಹುಣಸೆ ಮರದ ನೆರಳಿನಲ್ಲಿ ಕುಳಿತೆ. ಒಳಗಿನಿಂದ ಮಾದಯ್ಯಣ್ಣ ಮುದ್ದೆ ಮುರಿಯುತ್ತ ಪಾಲಾರಿನ ಕತೆ ಹೇಳುವುದು ಕೇಳಿಸುತ್ತಿತ್ತು. ನಡುವೆ ಒಮ್ಮೆ ಆ ಯಜಮಾನರು ಏನೋ ಕೇಳಿದರು. ಅವನು, “ಎದ್ರಿದ್ರ ಆವಯ್ಯ ಮಗ್ಗಿ ಏಳ್ತಿದ್ರಾ ಬುದ್ದಿ? ನಗ್ತಾನೇ ಅತ್ತುದ್ರು,” ಎಂದ. ಹೆದರಲಿಲ್ಲ, ನಗುತ್ತಲೇ ಗ್ಲೈಡರ್ ಹತ್ತಿದರು ಎಂದು. ಅದು ನಿಜ. ನಾನು ರೆಕ್ಕೆಯ ತುದಿಯಿಂದ ನೋಡಿದ್ದೆ.

ವಿಚಾರಣೆಯ ವರದಿಯಲ್ಲಿ ಮಾದಯ್ಯಣ್ಣನ ಮೇಲೆ ಏನೂ ಬರಲಿಲ್ಲ. ಚೀಫ್‌ರಿಗೂ ನನಗೂ ಕಟುವಾದ ಮಾತುಗಳು ಬಂದವು, ಬರಬೇಕಾದಷ್ಟು. ಬೋಧಕರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಒಂದು ವರ್ಷ ಹಾರುವಂತಿಲ್ಲ, ವಿಂಚಿನಲ್ಲಿ ಪುಟ್ಟಮಾದಯ್ಯನ ಕೈ ಕೆಳಗೆ ಕೆಲಸ ಮಾಡಬೇಕು ಎಂದಾಯಿತು. ಚೀಫ್ ಪರೀಕ್ಷೆಯ ವಿಧಾನ ಬದಲಿಸಿದರು. ಒಟ್ಟಿಗೆ ಉತ್ತರಿಸುವುದು ನಿಂತಿತು. ಒಬ್ಬನೇ ಕೇಳಬೇಕು, ಪ್ರತಿ ಸಲ ಬೇರೆ ಬೇರೆ ಕ್ರಮದಲ್ಲಿ ಕೇಳಬೇಕು, ಒಬ್ಬನೇ ಉತ್ತರಿಸಬೇಕು. ಉತ್ತರಿಸುವವನ ಕೈ ಆ ವಸ್ತುವಿನ ಮೇಲಿರಬೇಕು. ಮುಂದೆ ನಾನೂ ಬೋಧಕನಾದ ಮೇಲೆ ನನ್ನ ಶಿಷ್ಯರಿಗೆ ಇದೊಂದನ್ನು ಬಡಿದು ಬಡಿದು ಹೇಳಿದ್ದೇನೆ. ನೀನು ಸೇರುವ ಕಡೆ ಎಲ್ಲ ಕಂಪ್ಯೂಟರಿನ ಮೇಲೆ ಇರಬಹುದು. ಅಲ್ಲೂ ಬೆರಳು ತಾನಾಗಿಯೇ ಸರಿ ಗುರುತು ಒತ್ತಲು ಶುರು ಮಾಡಿದ ದಿನ ಕೆಳಗಿಳಿದು ಒಂದು ಸುತ್ತು ನಡೆದು ಬಾ.

ಹೊಸ ಗ್ಲೈಡರ್ ಬಂದ ದಿನ ಮೊದಲು ಹೋಗಲು ಯಾರೂ ಮುಂದೆ ಬರಲಿಲ್ಲ. ಚೀಫ್ ತಾವೇ ಕುಳಿತರು. ನಾನು ವಿಂಚಿನ ಪಕ್ಕ ಲಾಗ್ ಪುಸ್ತಕ ಹಿಡಿದು ನಿಂತಿದ್ದೆ. ಆ ಪುಸ್ತಕ ಇನ್ನು ಮುಂದೆ ವಿಂಚಿನ ಬಳಿಯೇ ಇರಬೇಕೆಂದು ಮಾದಯ್ಯಣ್ಣ ಚೀಫ್ ಹತ್ತಿರ ಹಟ ಹಿಡಿದು ತರಿಸಿಕೊಂಡಿದ್ದ. ದೂರದಲ್ಲಿ ಬಾವುಟ ಎದ್ದಿತು. ಅವನು ಎಂಜಿನ್ ಶುರು ಮಾಡಿ, ಬರಿಗಾಲನ್ನು ಪೆಡಲಿನ ಮೇಲಿಟ್ಟ. ಕಾಲು ನಡುಗುತ್ತಿತ್ತು. ಎಂಜಿನ್ನಿನ ನಡುಕವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಮಾದಯ್ಯಣ್ಣ, ಇನ್ನೊಂದ್ ದಿನ ಮಾಡಾನ,” ಎಂದೆ.

“ಬಾಯ್ಮುಚ್ಲಾ,” ಎಂದ. ಬಾವುಟ ಬೀಸಿತು. ಅವನು ಕಾಲು ಒತ್ತಿದ. ಹಗ್ಗ ಹುಲ್ಲಿನೊಳಗಿಂದ ಎದ್ದು ಬಿಗಿಯಾಯಿತು. “ಬಾ, ಬಾ, ಬಾ,” ಎಂದು ಶುರುವಾದದ್ದು ದನಿ ಹೊರಡದೆ ತುಟಿಯಲ್ಲೇ ನಿಂತಿತು. ಗ್ಲೈಡರ್ ಸಮವಾಗಿ ಏರಿತು, ತೊಟ್ಟಿಲು ತೂಗಿದ ಹಾಗೆ. ನೆತ್ತಿಗೆ ಬಂದಾಗ ಚೀಫ್ ಹಗ್ಗ ಬಿಟ್ಟರು. ಹಗ್ಗ ಮೆಲ್ಲಗೆ ಬೀಳಲೆಂದು ತುದಿಗೆ ಕಟ್ಟಿದ ಪುಟ್ಟ ಕೊಡೆ ಬಿಚ್ಚಿಕೊಂಡು ನಿಧಾನವಾಗಿ ಕೆಳಗಿಳಿಯತೊಡಗಿತು.

ಮಾದಯ್ಯಣ್ಣ ಎಂಜಿನ್ ಆರಿಸಿ, ಮುಖದ ಬೆವರನ್ನು ಟವಲಿನಿಂದ ಒರೆಸಿ, ಅದನ್ನೇ ಸ್ವಲ್ಪ ಹೊತ್ತು ಮುಖದ ಮೇಲೆ ಹಿಡಿದುಕೊಂಡಿದ್ದ. ಆಮೇಲೆ ತೆಗೆದು ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದೆ.

“ಏನ್ಲಾ ಬಿಯೆಸ್ಸಿ, ಆಕಾಶ್ದಲ್ಲೇನು ಟೀ ಕಾಸ್ತಾ ಅವ್ರಾ? ಬರಿ. ಈಗ್ಲೇ ಬರಿ. ನಾನೇನ್ ಮಾಡ್ದಿ ಅಂತ ನಂಗೊತ್ತಿರವಾಗ್ಲೇ ಬರ್ಕ.”

ನಿಂತಲ್ಲೇ ಬರೆದೆ, ಅಕ್ಷರ ಕೋಳಿಕಾಲಾಯಿತು. ಅವನು ಬಗ್ಗಿ ನೋಡಿ, ಓದಲು ಬಾರದಿದ್ದರೂ ತಲೆಯಾಡಿಸಿ, “ಪೋದುಂ,” ಎಂದ.